ಫುಗಡಿಗೆ ಅಕ್ಕ ಬೇಕು

ನನ್ನ ಎದೆ ಮೊದಲ ಸಲ ಕೈಕೊಟ್ಟದ್ದು ಗಾಂಧಿ ಚೌಕದ ನಮ್ಮ ಭಾಂಡೆ ಅಂಗಡಿಯಲ್ಲಿ. ಮಧ್ಯಾಹ್ನ ಹನ್ನೆರಡರ ಹೊತ್ತು, ಗಿರಾಕಿ ಹೆಣ್ಣುಮಗಳೊಬ್ಬಳಿಗೆ ಇಡ್ಲಿ ಪಾತ್ರೆ ತೋರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎದೆ ಧಡಧಡ ಬಡಿದುಕೊಳ್ಳತೊಡಗಿತು, ಕೈ ತಣ್ಣಗಾದವು, ಕಣ್ಣ ಮುಂದಿನ ಸ್ಟೀಲಿನ ಡಬ್ಬಿಗಳೆಲ್ಲ ದೂರ ಸರಿದಂತಾಯಿತು. ಸತ್ತೆ ಎಂದುಕೊಂಡೆ. ಖರೆ ಹೇಳುತ್ತೇನೆ, ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಐವತ್ತೆರಡಕ್ಕೇ ಸಾಯಬೇಕೇ, ಅದೂ ಕೈಯಲ್ಲಿ ಇಡ್ಲಿ ಪಾತ್ರೆ ಹಿಡಿದುಕೊಂಡು?

ನನ್ನ ಗಂಡ ಗಲ್ಲಾ ಬಿಟ್ಟು ಓಡಿ ಬಂದು, ಆಟೋ ಹಿಡಿದು ಆಸ್ಪತ್ರೆಗೆ ಒಯ್ದರು. ಈಸಿಜಿ ತೆಗೆದರು, ರಕ್ತ ತೆಗೆದರು, ಎಲ್ಲ ನೆಟ್ಟಗಿದೆ ಎಂದು ಕಳಿಸಿದರು. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಮೂರನೇ ಸಲ ಹೋದಾಗ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಹೃದಯ ಗಟ್ಟಿ ಐತ್ರಿ ನಿಮ್ದು. ಮನಸ್ಸಿನ ಡಾಕ್ಟರ್‌ಗೆ ಒಮ್ಮೆ ತೋರಸ್ರಿ" ಎಂದರು. ನಾನು ಅಲ್ಲೇ ಉರಿದುಬಿದ್ದೆ.

"ನನಗೇನ್ ಹುಚ್ಚ ಹಿಡದೈತೇನ್ರಿ?"

"ಹಿಡದದ್ದು ಖರೆ ಐತಿ, ಯಾವಾಗಿಂದ ಅಂತ ಕೇಳೂಣು ನಡಿ" ಎಂದರು ನನ್ನ ಗಂಡ, ಡಾಕ್ಟರ ಎದುರಿಗೇ. ಮನೆಗೆ ಬಂದಮೇಲೆ ಅವರಿಗೆ ಎರಡು ದಿನ ಸಪ್ಪನ ಸಾರು ಹಾಕಿದೆ. ಮೂರನೇ ದಿನ ಹೋದೆವು.

ಮನಸ್ಸಿನ ಡಾಕ್ಟರು ಮೈಸೂರು ಕಡೆಯ ಹುಡುಗಿ; ಮೇಡಂ ಎನ್ನುವ ಬದಲು ನಮ್ಮ ಕಡೆಯ ರೂಢಿಯಂತೆ ಬಾಯಿ, ಬಾಯಾರ ಎಂದೇ ಕರೆದೆ. ನನಗೊಬ್ಬ ಮಗಳಿದ್ದಿದ್ದರೆ ಅವಳಷ್ಟೇ ಇರುತ್ತಿದ್ದಳು. ಗುಳಿಗೆ ಬರೆದುಕೊಟ್ಟಳು, ವಾರಕ್ಕೊಮ್ಮೆ ಬಂದು ಮಾತಾಡಿ ಎಂದಳು. ಏನು ಮಾತಾಡುವುದು? ಮೊದಲ ಎರಡು ವಾರ ಸೊಸೆಯನ್ನು ಬೈದೆ, ಮೂರನೇ ವಾರ ಗಂಡನನ್ನು ಬೈದೆ, ನಾಲ್ಕನೇ ವಾರಕ್ಕೆ ಬೈಯಲು ಯಾರೂ ಉಳಿಯಲಿಲ್ಲ. ಆಗ ಅವಳು ಕೇಳಿದಳು, "ಚಿಕ್ಕೋರಿದ್ದಾಗ ಏನು ಮಾಡಿದ್ರೆ ನಿಮಗೆ ತುಂಬಾ ಖುಷಿ ಆಗ್ತಿತ್ತು?"

"ಫುಗಡಿ ಆಡತಿದ್ವಿರಿ" ಎಂದೆ, ಯೋಚಿಸದೆ.

"ಫುಗಡಿ ಅಂದ್ರೆ?"

ಯಪ್ಪಾ! ಫುಗಡಿ ಗೊತ್ತಿಲ್ಲದವಳು ನನ್ನ ಮನಸ್ಸನ್ನು ಹೇಗೆ ನೆಟ್ಟಗೆ ಮಾಡುತ್ತಾಳೆ? "ಏಳ್ರಿ ಬಾಯಾರ, ಹೇಳಿದ್ರ ತಿಳ್ಯಾಂಗಿಲ್ಲ" ಎಂದು ಎಬ್ಬಿಸಿ, ಮೇಜು ಕುರ್ಚಿಯ ನಡುವಿನ ಅಷ್ಟೇ ಜಾಗದಲ್ಲಿ ನಿಲ್ಲಿಸಿದೆ. ಅವಳ ಬಲಗೈಗೆ ನನ್ನ ಬಲಗೈ, ಎಡಗೈಗೆ ಎಡಗೈ, ಹೀಗೆ ಕತ್ತರಿ ಮಾಡಿ ಹಿಡಿದೆ. ನಾಲ್ಕೂ ಕಾಲು ಒಂದೇ ಕಡೆ ಕೂಡಿಸಿದೆ. "ಈಗ ಹಿಂದಕ ವಾಲ್ರಿ" ಎಂದೆ.

"ಅಯ್ಯೋ, ಬಿದ್ದುಬಿಡ್ತೀನಿ ಅಮ್ಮಾ."

"ನಾ ಹಿಡದೇನಲ್ಲ, ಹೆಂಗ ಬೀಳತೀರಿ? ನೀವು ಜಗ್ಗಬೇಕು, ನಾನೂ ಜಗ್ಗಬೇಕು. ಯಾರರ ಒಬ್ಬರು ತಮ್ಮ ಭಾರ ತಾವ ಇಟಗೊಂಡ್ರ ಫುಗಡಿ ತಿರಗಂಗಿಲ್ರಿ."

ಅರ್ಧ ಸುತ್ತು ತಿರುಗಿದೆವು. ಅವಳ ಮೊಣಕೈ ತಾಗಿ ಪೆನ್ನಿನ ಡಬ್ಬಿ ಉರುಳಿತು, ನರ್ಸು ಬಾಗಿಲು ತೆರೆದು ಇಣುಕಿದಳು, ಡಾಕ್ಟರ್ ಬಾಯಿ ನಗತೊಡಗಿದಳು. ಕುರ್ಚಿಗೆ ಮರಳಿ ಕೂತು ಉಸಿರು ಬಿಡುತ್ತಾ, "ಯಾರ ಜೊತೆ ಆಡ್ತಿದ್ರಿ?" ಎಂದಳು. "ನಮ್ಮಕ್ಕನ ಕೂಡ" ಎನ್ನುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಅವಳ ಮೇಜಿನ ಮೇಲಿನ ಟಿಶ್ಯೂ ಪೇಪರು ಖಾಲಿಯಾಗುವಷ್ಟು ಅತ್ತೆ. ಮೂರು ವಾರ ಎಲ್ಲರನ್ನೂ ಬೈದವಳು ಅಕ್ಕನ ಹೆಸರನ್ನೇ ಎತ್ತಿರಲಿಲ್ಲ ಎಂಬುದು ಆಗ ನನಗೇ ಗೊತ್ತಾಯಿತು.

ನಮ್ಮ ತವರು ತಿಕೋಟಾ. ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳನ್ನು ಬಬಲೇಶ್ವರಕ್ಕೆ ಕೊಟ್ಟರು, ನನ್ನನ್ನು ವಿಜಯಪುರಕ್ಕೆ. ಇಬ್ಬರೂ ಕೂಡುತ್ತಿದ್ದದ್ದು ನಾಗರ ಪಂಚಮಿಗೆ. ಅಣ್ಣ ಬಂದು ಕರೆದುಕೊಂಡು ಹೋಗುತ್ತಿದ್ದ. ಬೆಳಿಗ್ಗೆ ನಾಗಪ್ಪನಿಗೆ ಹಾಲೆರೆದು, ಶೇಂಗಾ ಉಂಡಿ, ಎಳ್ಳುಂಡಿ ತಿಂದು, ಮಧ್ಯಾಹ್ನ ಬಿಸಿಲು ಸ್ವಲ್ಪ ಇಳಿಯುತ್ತಿದ್ದಂತೆ ಓಣಿಯ ಹೆಣ್ಣುಮಕ್ಕಳೆಲ್ಲ ನಮ್ಮ ಅಂಗಳದಲ್ಲಿ ಸೇರುತ್ತಿದ್ದರು. ಜೋಡಿ ಜೋಡಿಯಾಗಿ ಆಡಬೇಕು. ನಮ್ಮದೇ ಕೊನೆಯ ಜೋಡಿ, ಏಕೆಂದರೆ ನಾವು ಆಡಿದ ಮೇಲೆ ಬೇರೆಯವರ ಆಟ ನೋಡಲು ಯಾರಿಗೂ ಮನಸ್ಸಿರುತ್ತಿರಲಿಲ್ಲ. ಇದು ಜಂಬ ಎಂದರೆ ಜಂಬವೇ, ಇರಲಿ.

ತಿರುಗುವಾಗ ಎದುರಿನವಳ ಮುಖವನ್ನೇ ನೋಡಬೇಕು. ಅತ್ತಿತ್ತ ನೋಡಿದರೆ ತಲೆ ಸುತ್ತುತ್ತದೆ. ಮನೆ, ಬಾವಿ, ಹುಣಸೆ ಗಿಡ, ನೆರೆದ ಹೆಂಗಸರು ಎಲ್ಲ ಕಲಸಿಹೋಗಿ, ಒಂದು ಅಕ್ಕನ ಮುಖ ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಅವಳ ಮೂಗುತಿ, ಹಲ್ಲಿನ ನಡುವಿನ ಸಂದು, ಹಣೆಯ ಬೆವರು. ಬಾಯಲ್ಲಿ ಫೂ ಫೂ ಎಂದು ಸದ್ದು ಮಾಡುತ್ತಿದ್ದೆವು. ವರ್ಷವಿಡೀ ಗಂಡನ ಮನೆಯಲ್ಲಿ ನುಂಗಿಕೊಂಡದ್ದು ಆ ಸದ್ದಿನಲ್ಲಿ ಹೊರಗೆ ಹೋಗುತ್ತಿತ್ತು. ಅತ್ತೆ ಅಂದದ್ದು, ನಾದಿನಿ ಕೆಣಕಿದ್ದು, ಎರಡನೇ ಬಸಿರು ಇಳಿದುಹೋದದ್ದು, ಯಾವುದನ್ನೂ ನಾನು ಅಕ್ಕನಿಗೆ ಬಾಯಿಬಿಟ್ಟು ಹೇಳಿದ್ದಿಲ್ಲ. ನಿಲ್ಲಿಸಿದ ಮೇಲೆ ಇಬ್ಬರೂ ನೆಲಕ್ಕೆ ಬಿದ್ದು, ಆಕಾಶ ಸುತ್ತುವುದನ್ನು ನೋಡುತ್ತಾ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆವು. ಮರುದಿನ ವಿಜಯಪುರದ ಬಸ್ಸು ಹತ್ತುವಾಗ ನನಗೆ ಇನ್ನೊಂದು ವರ್ಷ ತಡೆಯುವಷ್ಟು ಬಲ ಬಂದಿರುತ್ತಿತ್ತು. ಆಗ ಇದಕ್ಕೆಲ್ಲ ಮಾನಸಿಕ ಆರೋಗ್ಯ ಎಂಬ ಹೆಸರಿದೆ ಎಂದು ಯಾರಿಗೆ ಗೊತ್ತಿತ್ತು?

ಅಕ್ಕನ ಗಂಡ ಕಾಮಣಿ ಬೇನೆ ಬಂದು, ಮೈಯೆಲ್ಲ ಹಳದಿಯಾಗಿ ತೀರಿಕೊಂಡರು. ಅಕ್ಕನಿಗೆ ಆಗ ಇನ್ನೂ ನಲವತ್ತೆರಡು. ವರ್ಷಾಂತಿಕ ಮುಗಿದ ಮೇಲಿನ ಪಂಚಮಿಗೆ ಅಣ್ಣ ಇಬ್ಬರನ್ನೂ ಕರೆತಂದ. ಮಧ್ಯಾಹ್ನ ಎಂದಿನಂತೆ ಓಣಿ ನೆರೆಯಿತು. ಕಟ್ಟೆಯ ಮೇಲೆ ಓಣಿಯ ಹಿರಿಯ ಅಜ್ಜಿ ಕೂತಿದ್ದಳು. ನಾಲಿಗೆ ಅಂದರೆ ನಾಲಿಗೆ ಅವಳದು, ಯಾರ ಮದುವೆ, ಯಾರ ಬಾಣಂತನವಾದರೂ ಅವಳ ಮಾತಿಲ್ಲದೆ ಮುಗಿಯುತ್ತಿರಲಿಲ್ಲ. ಒಂದೊಂದೇ ಜೋಡಿ ಆಡಿ ಮುಗಿಸಿತು. ನಮ್ಮ ಸರದಿ ಬಂತು. ತಿರುಗಿ ನೋಡಿದರೆ ಅಕ್ಕ ಹೊರಗೆ ಬಂದು ಅಜ್ಜಿಯ ಪಕ್ಕದಲ್ಲೇ ನಿಂತಿದ್ದಳು.

ಈ ಅಜ್ಜಿ ಈಗ ಎಲ್ಲರ ಮುಂದೆ ಏನಾದರೂ ಅಂದರೆ? ಗಂಡ ಹೋದವಳಿಗೆ ಫುಗಡಿ ಬೇರೆ ಕೇಡು ಎಂದುಬಿಟ್ಟರೆ? ಅಕ್ಕನ ಕಣ್ಣೂ ನನ್ನ ಕಣ್ಣೂ ಕೂಡಿದವು. ನಾನು ಕೈ ಆಚೆ ತಿರುಗಿಸಿ, ಪಕ್ಕದಲ್ಲಿದ್ದ ಬಿಜ್ಜರಗಿಯ ನಮ್ಮ ವೈನಿಯ ಕೈ ಹಿಡಿದುಬಿಟ್ಟೆ. ಅಣ್ಣನ ಹೆಂಡತಿ ಪಾಪ, ಸ್ಥೂಲ ಶರೀರದವಳು, ನಾಲ್ಕು ಸುತ್ತಿಗೇ ಸಾಕೆಂದಳು. ನಿಂತು ನೋಡಿದಾಗ ಅಕ್ಕ ಅಲ್ಲಿರಲಿಲ್ಲ. ಒಳಗೆ ಎಲ್ಲರಿಗೂ ಚಹಾಕ್ಕೆ ಇಟ್ಟಿದ್ದಳು. ಅವಳ ಮಾನ ಉಳಿಸಿದೆ ಎಂದೇ ನಾನು ನಂಬಿದ್ದೆ.

ಆಮೇಲೆ ಹನ್ನೊಂದು ಪಂಚಮಿ ಬಂದು ಹೋದವು. ಪ್ರತಿ ವರ್ಷವೂ ಅಕ್ಕ ಬಂದಳು, ಪ್ರತಿ ವರ್ಷವೂ ಅಡಿಗೆಮನೆಯಲ್ಲೇ ಉಳಿದಳು. ನಾವು ಮಾತು ಬಿಟ್ಟವರಲ್ಲ. ದಿನಾ ಫೋನು. ಅವಳ ಮೊಣಕಾಲು, ನನ್ನ ಸೊಸೆ, ಬದನೆಕಾಯಿ ಪಲ್ಯ, ಎಲ್ಲ ಬರುತ್ತಿತ್ತು, ಆ ಒಂದು ಬಿಟ್ಟು. ಅಜ್ಜಿ ಸತ್ತಾಗ ನಾನು ಮಣ್ಣಿಗೂ ಹೋಗಲಿಲ್ಲ. ನನ್ನ ಅಕ್ಕನನ್ನು ಅಂಗಳದಿಂದ ಒಳಗೆ ಅಟ್ಟಿದವಳು ಇವಳೇ ಎಂದು ಸತ್ತವಳ ಮೇಲೂ ಹಲ್ಲು ಕಡಿದೆ.

ಡಾಕ್ಟರ್ ಬಾಯಿ ಇದನ್ನೆಲ್ಲ ಕೇಳಿ ಏನೂ ತೀರ್ಪು ಕೊಡಲಿಲ್ಲ. "ಸದ್ಯ ನಿಮ್ಮ ಮೈಗೆ ಕುಣಿತ ಬೇಕು. ಎಲ್ಲಾದ್ರೂ ಸೇರ್ಕೊಳ್ಳಿ" ಎಂದಳು. ತೊರವಿ ರಸ್ತೆಯಲ್ಲಿ ಒಂದು ಅಂಗಡಿಯ ಮೇಲಿನ ಹಾಲಿನಲ್ಲಿ ಹೆಂಗಸರಿಗೆ ಸಂಜೆ ಐದಕ್ಕೆ ಡ್ಯಾನ್ಸ್ ಕ್ಲಾಸು ನಡೆಯುತ್ತದೆ. ಚೂಡಿದಾರ ಹಾಕಿಕೊಂಡು ಹೊರಟ ಮೊದಲ ದಿನ ನನ್ನ ಗಂಡ, "ನಾನೂ ಬರ್ಲೇನ?" ಎಂದರು.

"ಬರ್ರಿ. ಧೋತರ ಕಳಚಿ ಬಿದ್ರ ನಾ ಜವಾಬ್ದಾರಿ ಅಲ್ಲ ನೋಡ್ರಿ."

ಕಲಿಸುವ ಹುಡುಗಿ ವನ್ ಟೂ ತ್ರೀ ಫೋರ್ ಎನ್ನುತ್ತಾಳೆ, ಮೂವತ್ತು ಹೆಂಗಸರು ಬಲಕ್ಕೆ ಹೋದರೆ ನಾನೊಬ್ಬಳು ಎಡಕ್ಕೆ ಹೋಗುತ್ತೇನೆ. ಪಕ್ಕದವಳಿಗೆ ಡಿಕ್ಕಿ ಹೊಡೆಯುತ್ತೇನೆ. ಆದರೂ ಸುಳ್ಳು ಯಾಕೆ ಹೇಳಲಿ, ಅಲ್ಲಿ ಸುರಿದ ಬೆವರು ನನ್ನನ್ನು ಬದುಕಿಸಿತು. ಮೂರು ತಿಂಗಳಿಗೆ ಎದೆಬಡಿತ ಹತೋಟಿಗೆ ಬಂತು, ನಿದ್ದೆ ಹತ್ತತೊಡಗಿತು, ಗುಳಿಗೆಯನ್ನು ಡಾಕ್ಟರ್ ಬಾಯಿಯೇ ಅರ್ಧಕ್ಕೆ ಇಳಿಸಿದಳು. ಮಂಗಳವಾರ ಕ್ಲಾಸಿಗೆ ರಜೆ ಇದ್ದರೆ ಸೊಸೆಯೇ, "ಅತ್ತಿ, ಇವತ್ತ ಮನ್ಯಾಗ ಹಾಡ ಹಚ್ಚಿ ಕುಣೀರಿ, ಇಲ್ಲಂದ್ರ ನಮ್ಮ ಮ್ಯಾಲ ಒದರಾಡತೀರಿ" ಎನ್ನುವಷ್ಟು ಗುಣ ಕಂಡಿತು.

ಆದರೆ ಅಲ್ಲಿ ಎಲ್ಲರೂ ಕನ್ನಡಿಯ ಕಡೆ ಮುಖ ಮಾಡಿ ಕುಣಿಯುತ್ತಾರೆ. ಯಾರೂ ಯಾರನ್ನೂ ಮುಟ್ಟುವುದಿಲ್ಲ. ನವರಾತ್ರಿಗೆ ದಾಂಡಿಯಾ ಕಲಿಸಿದರು, ಅದರಲ್ಲೂ ಕೋಲಿಗೆ ಕೋಲು ತಾಗುತ್ತದೆ, ಕೈಗೆ ಕೈ ತಾಗುವುದಿಲ್ಲ. ಮೈ ಹಗುರಾಗಿ ಮನೆಗೆ ಬರುತ್ತಿದ್ದೆ, ಅಂಗೈ ಮಾತ್ರ ಖಾಲಿ ಖಾಲಿ ಎನಿಸುತ್ತಿತ್ತು.

ಒಂದು ದಿನ ಕಲಿಸುವ ಹುಡುಗಿ, "ಆಂಟಿ, ನಿಮಗ ಬರೂದು ಏನರ ನಮಗ ಕಲಸ್ರಿ" ಎಂದಳು. ಫುಗಡಿ ಕಲಿಸಿದೆ. ಶಾಲೆಯಲ್ಲಿ ಕಲಿಸುವ ಅಕ್ಕೋರೊಬ್ಬರು ನನ್ನ ಕೈ ಹಿಡಿದರು. ಗಟ್ಟಿ ಹಿಡಿತ, ಒಳ್ಳೆಯ ವಾಲು, ಎಲ್ಲ ಸರಿಯಿತ್ತು. ಸುತ್ತಲಿನ ಹೆಂಗಸರು ಚಪ್ಪಾಳೆ ಹೊಡೆದರು. ತಿರುಗುತ್ತಾ ತಿರುಗುತ್ತಾ ನನಗೆ ಎದುರಿನ ಮುಖದಲ್ಲಿ ಹಲ್ಲಿನ ಸಂದು ಕಾಣಲಿಲ್ಲ. ಇದು ಅಕ್ಕ ಅಲ್ಲ, ಅಕ್ಕ ಅಲ್ಲ ಎಂದು ಒಳಗೆ ಒಂದೇ ಸಮ ಹೇಳತೊಡಗಿತು. ಕಣ್ಣು ಮುಚ್ಚಿದೆ, ತಲೆ ಗಿರ್ರೆಂದಿತು, ಕುಸಿದು ಕೂತೆ. ಎಲ್ಲರೂ ನೀರು ತಂದರು. ನನಗೆ ಬೇಕಾಗಿದ್ದದ್ದು ನೀರಲ್ಲ. ಮರುದಿನ ಬೆಳಿಗ್ಗೆ ಬಬಲೇಶ್ವರದ ಬಸ್ಸು ಹತ್ತಿದೆ.

ಒಣದ್ರಾಕ್ಷಿಯ ಹಂಗಾಮು. ಅಕ್ಕ ತೋಟದ ಶೆಡ್ಡಿನಲ್ಲಿ ತಾಡಪತ್ರಿ ಹಾಸಿ ಕೂತು ಐದಾರು ಹೆಣ್ಣಾಳುಗಳ ಜೊತೆ ಕಡ್ಡಿ ಬಿಡಿಸುತ್ತಿದ್ದಳು. ಗಂಡ ಹೋದಮೇಲೆ ದ್ರಾಕ್ಷಿ ತೋಟವನ್ನು ಅವಳೇ ನಿಂತು ಮಾಡಿಸುತ್ತಾಳೆ. ನನ್ನನ್ನು ಕಂಡವಳೇ ಗಾಬರಿಯಾದಳು.

"ಯಾಕ ಬೇ, ಫೋನ ಇಲ್ಲ, ಏನಿಲ್ಲ? ಯಾರ ಹೋದ್ರು?"

"ಯಾರೂ ಹೋಗಿಲ್ಲ. ನಿನ್ನ ನೋಡಬೇಕನಿಸ್ತು, ಬಂದೆ."

"ಬಂದೀಯಲ್ಲ, ಕುಂದ್ರ. ಕಡ್ಡಿ ತಗಿ" ಎಂದು ಒಂದು ಮೊರ ನನ್ನ ಮುಂದೆ ನೂಕಿದಳು. ಅಕ್ಕ ಹಾಗೆಯೇ. ಅಳಬೇಕೆಂದು ಹೋದರೂ ಮೊದಲು ಕೆಲಸ ಕೊಡುತ್ತಾಳೆ.

ಆಳುಗಳು ಬುತ್ತಿ ಬಿಚ್ಚಲು ಬೇವಿನ ಗಿಡದ ಕೆಳಗೆ ಹೋದರು. ಶೆಡ್ಡಿನಲ್ಲಿ ನಾವಿಬ್ಬರೇ. ಮೊರದ ಕಡೆ ನೋಡುತ್ತಲೇ ಹೇಳಿದೆ, "ಅಕ್ಕಾ, ಆ ವರ್ಷ ಪಂಚಮ್ಯಾಗ ನಾ ನಿನ್ನ ಕೈ ಹಿಡೀಲಿಲ್ಲ."

ಯಾವ ವರ್ಷ ಎಂದು ಅವಳು ಕೇಳಲಿಲ್ಲ. "ಹೂಂ" ಎಂದಳು.

"ಆ ಅಜ್ಜಿ ಎಲ್ಲಾರ ಮುಂದ ಏನರ ಅಂತಾಳಂತ ಅಂಜಿದೆ. ನಿನಗ ಅವಮಾನ ಆಗಬಾರದಂತ..."

"ಆ ಅಜ್ಜೀನ ನನ್ನ ಎಬ್ಬಿಸಿಕೊಂಡ ಬಂದಿದ್ಲು" ಎಂದಳು ಅಕ್ಕ.

ನನ್ನ ಕೈ ನಿಂತಿತು. ಅವಳದು ನಿಲ್ಲಲಿಲ್ಲ. ಕಡ್ಡಿ ತೆಗೆಯುತ್ತಲೇ ಮಾತಾಡಿದಳು, ಯಾರದೋ ಸುದ್ದಿ ಹೇಳುವವಳಂತೆ.

"ನಾ ಒಳಗ ಮಕ್ಕೊಂಡಿದ್ದೆ. ನೀವೆಲ್ಲಾ ಆಟ ನೋಡೂ ಮುಂದ ಆಕಿ ಕಟ್ಟಿಯಿಂದ ಎದ್ದ ಒಳಗ ಬಂದ್ಲು. ಏಳ, ಎಷ್ಟ ದಿನ ಹಿಂಗ ಬಿದ್ದಿರತಿ, ತಂಗಿ ಬಂದಾಳ, ಆಡ ಹೋಗ, ಎದಿ ಹಗರ ಆಗತೈತಿ ಅಂದ್ಲು. ತನ್ನ ಕೈಲೇ ನನ್ನ ಸೆರಗ ಸಿಗಿಸಿದ್ಲು. ನಾ ಬ್ಯಾಡಂದೆ. ಯಾರ ಏನ್ ಅಂತಾರ ನಾ ನೋಡತೇನಿ, ನೀ ನಡಿ ಅಂತ ಕೈ ಹಿಡದ ಕರಕೊಂಡ ಬಂದ್ಲು. ಬಂದ ನಿಂತೆ. ನೀ ನನ್ನ ನೋಡಿದಿ. ನೋಡಿ, ವೈನಿ ಕೈ ಹಿಡದಿ."

ಅಕ್ಕ ಮೊರ ಕೆಳಗಿಟ್ಟಳು.

"ವರ್ಷದ ತನಾ ಮಂದಿ ಬಂದ್ರು, ಅತ್ರು, ಹೋದ್ರು. ಬಳಿ ತಗದ್ರು, ಕುಂಕುಮ ತಗದ್ರು. ಮಾಡೂದು ಮಾಡಲಿ ಅಂತ ಸುಮ್ಮ ಇದ್ದೆ. ಆದ್ರ ನೀ ಕೈ ತಿರಗಿಸಿದಿ ನೋಡ, ಅವತ್ತ ನಾ ಗಂಡ ಸತ್ತಾಕಿ ಆದೆ."

ಹನ್ನೊಂದು ವರ್ಷ ನಾನು ಆ ಮುದುಕಿಯನ್ನು ಬೈದಿದ್ದೆ. ಓಣಿಯನ್ನು ಬೈದಿದ್ದೆ, ರೂಢಿಯನ್ನು ಬೈದಿದ್ದೆ. ಓಣಿಯಲ್ಲಿ ಯಾರೂ ಬೇಡ ಎಂದಿರಲಿಲ್ಲ. ಬೇಡ ಎಂದವಳು ನಾನೊಬ್ಬಳೇ. ಅಕ್ಕನ ಕಾಲ ಮೇಲೆ ತಲೆಯಿಟ್ಟು ಅತ್ತೆ. ಅವಳು ಬೆನ್ನು ಸವರಿದಳು, ಸುಮ್ಮನಿರು ಎನ್ನಲೂ ಇಲ್ಲ, ಹೋಗಲಿ ಬಿಡು ಎನ್ನಲೂ ಇಲ್ಲ. ಆ ಎರಡನೆಯ ಮಾತಿಗಾಗಿ ನಾನು ಕಾದೆ.

ಕೊನೆಗೆ ಎದ್ದು, ಮೂಗು ಒರೆಸಿಕೊಂಡು, "ಈಗ ಕೊಡ ಕೈ" ಎಂದೆ.

"ಹುಚ್ಚಿ ಏನ ನೀ? ಕೈ ಜಿಗಿಜಿಗಿ ಆಗ್ಯಾವ. ಮೊಣಕಾಲ ಬ್ಯಾರೆ."

"ಆಗ್ಲಿ. ಎರಡ ಸುತ್ತ. ಸಾವಕಾಶ ತಿರಗೂಣು."

ಅಕ್ಕ ಶೆಡ್ಡಿನ ಬಾಗಿಲ ಕಡೆ ಒಮ್ಮೆ ನೋಡಿ, ಎದ್ದು ನಿಂತು, ಎರಡೂ ಕೈ ಮುಂದೆ ಮಾಡಿದಳು. ಕತ್ತರಿ ಮಾಡಿ ಹಿಡಿದೆ. ಅದೇ ಕೈಗಳು, ಸ್ವಲ್ಪ ಒರಟಾಗಿದ್ದವು, ದ್ರಾಕ್ಷಿಯ ಅಂಟು. ಕಾಲು ಕೂಡಿಸಿದೆವು. ನಾನು ಹಿಂದಕ್ಕೆ ವಾಲಿದೆ. ಅವಳು ವಾಲಲಿಲ್ಲ. ನೆಟ್ಟಗೆ ನಿಂತು, ನೆಲ ನೋಡುತ್ತಾ, ಪುಟ್ಟ ಪುಟ್ಟ ಹೆಜ್ಜೆ ಹಾಕಿ ನನ್ನ ಸುತ್ತ ನಡೆದಳು. ನನ್ನ ಭಾರವೆಲ್ಲ ಅವಳು ಹಿಡಿದಿದ್ದಳು, ತನ್ನದನ್ನು ಮಾತ್ರ ನನಗೆ ಕೊಡಲಿಲ್ಲ. ಎರಡು ಸುತ್ತು ಮುಗಿದದ್ದೇ ಕೈ ಬಿಡಿಸಿಕೊಂಡು, "ಸಾಕ ಬೇ, ಆಳ ಬರ್ತಾರ" ಎಂದಳು. ಊಟ ಹಾಕಿದಳು, ಒಂದು ಡಬ್ಬಿ ಒಣದ್ರಾಕ್ಷಿ ಕಟ್ಟಿಕೊಟ್ಟಳು, ಬಸ್ಸಿಗೆ ಹತ್ತಿಸಿದಳು. ಯಾವುದರಲ್ಲೂ ಪ್ರೀತಿ ಕಡಿಮೆಯಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಮಂದಿಯ ಮುಂದೆಯೇ ಅತ್ತೆ.

ಈಗ ತಿಂಗಳಿಗೆ ಎರಡು ಸಲ ಬಬಲೇಶ್ವರಕ್ಕೆ ಹೋಗುತ್ತೇನೆ. ತೊರವಿ ರಸ್ತೆಯ ಕ್ಲಾಸನ್ನೂ ಬಿಟ್ಟಿಲ್ಲ, ಅದು ನನ್ನ ಔಷಧಿ, ತಪ್ಪಿಸುವುದಿಲ್ಲ. ಎದೆ ನೆಟ್ಟಗಿದೆ. ಡಾಕ್ಟರ್ ಬಾಯಿ, ಇನ್ನು ಮೂರು ತಿಂಗಳಿಗೊಮ್ಮೆ ಬಂದರೆ ಸಾಕು ಎಂದಿದ್ದಾಳೆ. ಅಕ್ಕನ ಮನೆಯಲ್ಲಿ ಕೆಲಸ ಮುಗಿದ ಮೇಲೆ ನಾನು ಕೈ ಚಾಚುತ್ತೇನೆ. "ಬಂತ ನೋಡ ಇದರ ಹುಚ್ಚ" ಎಂದು ಬೈಯುತ್ತಾಳೆ, ಬೈಯುತ್ತಲೇ ಕೈ ಕೊಡುತ್ತಾಳೆ. ನಾನು ವಾಲುತ್ತೇನೆ, ಅವಳು ನೆಟ್ಟಗೆ ನಿಂತು ಸುತ್ತುತ್ತಾಳೆ. ಅಕ್ಕಾ, ಒಮ್ಮೆ ಬಿಡು, ಈ ಸಲ ಹಿಡಿಯುತ್ತೇನೆ ಎಂದು ಬಾಯಿಗೆ ಬರುತ್ತದೆ. ಹೇಳುವುದಿಲ್ಲ. ಹಾಗೆ ಹೇಳುವ ಹಕ್ಕು ನನಗಿಲ್ಲ.

ಹೋದ ವಾರ ಎರಡನೇ ಸುತ್ತಿನಲ್ಲಿ ಅವಳ ಭಾರ ಒಮ್ಮೆಲೇ ನನ್ನ ಕೈಗೆ ಬಂತು. ಪೂರ್ತಿ ಬಂತು, ನನ್ನ ಭುಜ ಜಗ್ಗುವಷ್ಟು. ಅವಳ ಮುಖ ಮೇಲೆದ್ದು ನನ್ನ ಕಡೆ ತಿರುಗಿತ್ತು. ಗಟ್ಟಿಯಾಗಿ ಹಿಡಿದೆ. ಅಷ್ಟರಲ್ಲಿ ಅವಳು ಸಾವರಿಸಿಕೊಂಡು ಮತ್ತೆ ನೆಟ್ಟಗೆ ನಿಂತಳು.

"ಕಾಲ ಜಾರಿತ ಬೇ" ಎಂದಳು ಅಕ್ಕ. "ಬ್ಯಾರೆ ಏನಲ್ಲ."